ಮುಂಬೈಯ ಯಹೂದಿ ಗೋಡೆಗಳಿಗೆ ಗಾರೆ ಸಿಕ್ಕಿತು, ಅಡುಗೆಮನೆಗೆ ಏನು ಸಿಕ್ಕಿತು?

ಮಾಟುಂಗಾದ ಓದುಗ

ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಫೋರ್ಟ್ ಕಡೆಗೆ ಕೆಲಸಕ್ಕೆ ಹೋಗಿಬಂದವರೆಲ್ಲರಿಗೂ ಕಾಳಾ ಘೋಡಾದ ‘ನೀಲಿ ಸಿನಗಾಗ್’ ಗೊತ್ತಿರುತ್ತದೆ. ಅದರ ನಿಜವಾದ ಹೆಸರು ಕೆನೆಸೆತ್ ಎಲಿಯಾಹೂ. ಜೇಕಬ್ ಸಸೂನ್ ತಮ್ಮ ತಂದೆ ಎಲಿಯಾಸ್ ಅವರ ನೆನಪಿಗಾಗಿ 1884ರಲ್ಲಿ ಕಟ್ಟಿಸಿದ ಈ ಪ್ರಾರ್ಥನಾ ಮಂದಿರವು ಜೀರ್ಣೋದ್ಧಾರ ಮುಗಿಸಿಕೊಂಡು 2019ರಲ್ಲಿ ಹೊಸ ಕಳೆಯಿಂದ ತೆರೆಯಿತು. ಅದರ ಸಮೀಪದಲ್ಲೇ ಇರುವ, 1870ರ ಹಳದಿ ಕಲ್ಲಿನ ಡೇವಿಡ್ ಸಸೂನ್ ಗ್ರಂಥಾಲಯದ ಕೆಲಸವೂ 2023ರಲ್ಲಿ ಮುಗಿಯಿತು. ಎರಡರ ಹೊಣೆಯನ್ನೂ ಹೊತ್ತವರು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ಸಿಮೆಂಟು ಬಿಟ್ಟು ಸುಣ್ಣದ ಗಾರೆಗೆ ಮರಳಿದ, ಬಣ್ಣದ ಗಾಜನ್ನೂ ತೇಗದ ಮರಗೆಲಸವನ್ನೂ ಬಲ್ಲವರಿಂದಲೇ ಮಾಡಿಸಿದ ಈ ಕೆಲಸಗಳನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು.

ನನ್ನ ಪ್ರಶ್ನೆ ಬೇರೆ. ನಮ್ಮ ಕಟ್ಟಡದಲ್ಲಿ ಬೆನೆ ಇಸ್ರೇಲ್ ಎಂಬ ಮರಾಠಿ ಮನೆಮಾತಿನ ಯಹೂದಿ ಸಮುದಾಯದ ಒಬ್ಬ ಹಿರಿಯರಿದ್ದಾರೆ. ನಾವೆಲ್ಲ ಅವರನ್ನು ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಎಂದೇ ಕರೆಯುತ್ತೇವೆ. ಅವರ ಹೊಸ ವರ್ಷಕ್ಕೆ ಗೋಧಿ ಹಾಲಿನ ಹಲ್ವ, ಹರಕೆ ತೀರಿದಾಗ ಮಲೀದ ಎಂಬ ಸಿಹಿ ಅವಲಕ್ಕಿಯ ನೈವೇದ್ಯ, ಉಪವಾಸದ ದಿನ ಮುಗಿದಾಗ ಒಣದ್ರಾಕ್ಷಿಯ ಶರಬತ್ತು, ಇವೆಲ್ಲ ನಮ್ಮ ಮಹಡಿಯ ಮನೆಗಳಿಗೂ ಬರುತ್ತಿದ್ದವು. ಈಗ ಅವರ ಕೈ ನಡೆಯುವುದಿಲ್ಲ, ಮಕ್ಕಳು ಇಸ್ರೇಲಿನಲ್ಲಿದ್ದಾರೆ. ಗೋಡೆ ಉಳಿಸಲು ದಾನಿಗಳು, ಪ್ರತಿಷ್ಠಾನಗಳು, ತಜ್ಞರು ಎಲ್ಲರೂ ಮುಂದೆ ಬಂದರು. ಅದೇ ಜನರ ಒಲೆಯ ಮುಂದಿನ ವಿದ್ಯೆಗೆ ಯಾರೂ ಬರಲಿಲ್ಲ. ನಮ್ಮ ಕನ್ನಡ ಸಂಘದವರು ಫೋರ್ಟ್‌ನಲ್ಲಿ ಪರಂಪರೆಯ ನಡಿಗೆಯೊಂದನ್ನು ಏರ್ಪಡಿಸುತ್ತಿದ್ದಾರೆ. ಕಟ್ಟಡಗಳನ್ನಷ್ಟೇ ತೋರಿಸಿ ಮನೆಗೆ ಕಳುಹಿಸುವುದು ಅರ್ಧ ಕೆಲಸವೆಂದು ನನಗೆ ಅನ್ನಿಸುತ್ತಿದೆ. ತಾವೇನು ಹೇಳುತ್ತೀರಿ?

ಕಡಲತಡಿ

ಪೂರ್ಣವಾಗಿ ಒಪ್ಪುತ್ತೇನೆ. ಕಟ್ಟಡಕ್ಕೆ ಫಲಕ ಹಾಕಬಹುದು, ಕೈಗುಣಕ್ಕೆ ಫಲಕ ಹಾಕಲಾಗದು ಎಂಬುದೇ ತೊಂದರೆಯ ಮೂಲ.

ಕಾಮಗಾರಿ ಎಂಜಿನಿಯರ್

ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕಟ್ಟಡಕ್ಕೆ ಹಣ ಬರುವುದು ಪಕ್ಷಪಾತದಿಂದಲ್ಲ, ಅಗತ್ಯದಿಂದ. ಛಾವಣಿ ಸೋರಿದರೆ ಮುಂದಿನ ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ, ಅದರ ಮುಂದಿನ ಮಳೆಗಾಲಕ್ಕೆ ತಲೆಯ ಮೇಲೆ ಬೀಳುತ್ತದೆ. ಹಲ್ವ ಮಾಡುವ ಕ್ರಮವನ್ನು ಯಾರಾದರೂ ಒಂದು ಮಧ್ಯಾಹ್ನ ಕುಳಿತು ಬರೆದುಕೊಂಡರೆ ಉಳಿಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಭಾವುಕತೆಯಾಗುತ್ತದೆ. ಇನ್ನೊಂದು ಮಾತು: ಸುಣ್ಣದ ಗಾರೆಯನ್ನು ಈಗೀಗ ಎಲ್ಲರೂ ಪೂಜಿಸುವಂತೆ ಹೊಗಳುತ್ತಾರೆ. ಅದು ನಿಧಾನ, ದುಬಾರಿ, ಮಾಡುವವರು ಕಡಿಮೆ. ಜವಾಬ್ದಾರಿಯಿಂದ ಮಾಡಿದ ಸಿಮೆಂಟು ದುರಸ್ತಿಯೂ ದಶಕಗಳ ಕಾಲ ನಿಲ್ಲುತ್ತದೆ.

ಗಾರೆ ಮನೆತನ

ಎಂಜಿನಿಯರ್ ಸಾಹೇಬರೇ, ನಮ್ಮ ತಾತ ಮೈಸೂರಿನ ಕಡೆ ಗಾರೆ ಮೇಸ್ತ್ರಿಯಾಗಿದ್ದವರು. ನಾನೂ ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಅನ್ನ ಉಣ್ಣುತ್ತಿದ್ದೇನೆ, ಮುಂಬೈಯಲ್ಲೂ ಕೆಲಸ ಮಾಡಿದ್ದೇನೆ. ಆದುದರಿಂದ ಪೂಜೆಗಾಗಿ ಅಲ್ಲ, ಅನುಭವದಿಂದ ಹೇಳುತ್ತೇನೆ.

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದ ಕೂಡಲೇ ಅದು ಕುದಿಯುತ್ತದೆ. ಹತ್ತಿರ ನಿಂತವರ ಕಣ್ಣಿಗೆ ಹಾರೀತೆಂದು ಹುಡುಗರನ್ನು ದೂರ ಕಳುಹಿಸುತ್ತೇವೆ. ಅರಳಿದ ಸುಣ್ಣವನ್ನು ಜರಡಿ ಹಿಡಿದು ಗುಂಡಿಯಲ್ಲಿ ನೀರಿನ ಅಡಿಯಲ್ಲಿ ವಾರಗಟ್ಟಲೆ ಬಿಡಬೇಕು. ಎಷ್ಟು ಹಳತಾದರೆ ಅಷ್ಟು ಬೆಣ್ಣೆಯಂತಾಗುತ್ತದೆ. ಆಮೇಲೆ ಮರಳು, ಇಟ್ಟಿಗೆಯ ಪುಡಿ ಅಂದರೆ ಸುರ್ಕಿ ಸೇರಿಸಿ ಗಾಣದಲ್ಲಿ ಅರೆಯುವುದು. ನೆನೆಹಾಕಿದ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು, ಮೆಂತ್ಯ, ಉದ್ದಿನ ನೀರು, ಅಳಲೆಕಾಯಿಯ ಕಷಾಯ ಇವುಗಳಲ್ಲಿ ಯಾವುದು ಎಷ್ಟು ಎಂಬುದು ಊರಿಗೊಂದು ಕ್ರಮ, ಮೇಸ್ತ್ರಿಗೊಂದು ಕ್ರಮ. ಬೆಲ್ಲ ಹಾಕುವುದು ಮೂಢನಂಬಿಕೆಯಲ್ಲ: ಗಾರೆ ಕರಣೆಯ ಅಡಿಯಲ್ಲಿ ಚೆನ್ನಾಗಿ ಹರಡುತ್ತದೆ, ನೀರು ಕಡಿಮೆ ಸಾಕಾಗುತ್ತದೆ, ಆದುದರಿಂದ ಬಿರುಕೂ ಕಡಿಮೆ. ಸುರ್ಕಿ ಇದ್ದರೆ ತೇವದಲ್ಲೂ ಗಟ್ಟಿಯಾಗುತ್ತದೆ, ಮುಂಬೈಯಂಥ ಊರಿಗೆ ಅದೇ ಬೇಕು.

ಸಿಮೆಂಟಿನ ತೊಂದರೆ ಅದರ ಗಟ್ಟಿತನವೇ. ಹಳೆಯ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟಿನ ಪದರ ಹಾಕಿ ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲ. ಸಮುದ್ರದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮುಖವನ್ನೇ ಒಳಗಿನಿಂದ ದೂಡುತ್ತದೆ. ಸಿಮೆಂಟು ದಶಕಗಳ ಕಾಲ ನಿಲ್ಲುತ್ತದೆ ಎಂದಿರಿ. ನಿಲ್ಲುತ್ತದೆ, ಹೌದು, ಅದರ ಹಿಂದಿನ ಕಲ್ಲು ನಿಲ್ಲುವುದಿಲ್ಲ.

ಕಾಮಗಾರಿ ಎಂಜಿನಿಯರ್

ಉಪ್ಪಿನ ವಿಷಯ ಒಪ್ಪುತ್ತೇನೆ, ಅದು ಪಾಠಪುಸ್ತಕದಲ್ಲೇ ಇದೆ. ಆದರೆ ತಾವು ಹೇಳಿದ ಮಿಶ್ರಣದಲ್ಲಿ “ಮೇಸ್ತ್ರಿಗೊಂದು ಕ್ರಮ” ಎಂಬುದೇ ನನ್ನ ಆತಂಕ. ಪರೀಕ್ಷೆ ಮಾಡದ, ಅಳತೆಯಿಲ್ಲದ ಸಾಮಗ್ರಿಯನ್ನು ಸಾರ್ವಜನಿಕರು ಸೇರುವ ಕಟ್ಟಡಕ್ಕೆ ಯಾವ ಧೈರ್ಯದಲ್ಲಿ ಬಳಸಬೇಕು?

ಗಾರೆ ಮನೆತನ

ಅಳತೆ ಇದೆ ಸರ್. ಹಳೆಯ ಗಾರೆಯ ತುಂಡನ್ನು ಪ್ರಯೋಗಾಲಯಕ್ಕೆ ಕೊಟ್ಟು, ಸುಣ್ಣ ಎಷ್ಟು, ಮರಳು ಎಷ್ಟು, ಮರಳಿನ ಕಾಳು ಎಂಥದು ಎಂದು ನೋಡಿ, ಅದಕ್ಕೆ ಹೊಂದುವಂತೆ ಹೊಸದನ್ನು ಕಲಸುತ್ತೇವೆ. ಸಣ್ಣ ಗೋಡೆಯ ಮೇಲೆ ಮಾದರಿ ಬಳಿದು ನೋಡಿದ ಮೇಲೆಯೇ ದೊಡ್ಡ ಕೆಲಸ. ಆದರೆ ಬೆಳಗ್ಗೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಎಷ್ಟು ಕಡಿಮೆ ಮಾಡಬೇಕು, ಮಧ್ಯಾಹ್ನ ಎಷ್ಟು ಹೊತ್ತಿಗೆ ಒದ್ದೆ ಗೋಣಿ ಹೊದಿಸಬೇಕು ಎಂಬುದನ್ನು ಯಾವ ವರದಿಯೂ ಹೇಳಿಕೊಡುವುದಿಲ್ಲ. ಅದು ಪಕ್ಕದಲ್ಲಿ ನಿಂತೇ ಬರಬೇಕು.

ಕಲ್ಲುಕಂಬ

ಸಂರಕ್ಷಣಾ ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿನಿ ನಾನು. ಮೇಲಿನ ಚರ್ಚೆಗೆ ಕಲ್ಲಿನ ವಿಷಯ ಸೇರಿಸಬೇಕೆನ್ನಿಸಿತು. ಸಸೂನ್ ಗ್ರಂಥಾಲಯದ ಹಳದಿ ಕಲ್ಲು ಮಲಾಡ್ ಕಲ್ಲು. ಅದು ಈಗ ಗಣಿಯಿಂದ ಬರುವುದಿಲ್ಲ, ಮಲಾಡ್ ಪೂರ್ತಿ ಮನೆಗಳಾಗಿದೆ. ಆದುದರಿಂದ ಒಂದು ಮೂಲೆ ಒಡೆದರೆ ಬದಲಿ ಕಲ್ಲು ಹುಡುಕುವುದೇ ದೊಡ್ಡ ಕೆಲಸ. ಸಿನಗಾಗ್‌ನ ವಿನ್ಯಾಸ ಗೋಸ್ಲಿಂಗ್ ಮತ್ತು ಮಾರಿಸ್ ಸಂಸ್ಥೆಯದು. ಒಳಗಿನ ನೆಲಕ್ಕೆ ಇಂಗ್ಲೆಂಡಿನ ಮಿಂಟನ್ ಕಂಪನಿಯ ಬಣ್ಣದ ಬಿಲ್ಲೆಗಳಿವೆ. ಇವುಗಳ ಚಿತ್ತಾರ ಮೇಲೆ ಬಳಿದ ಬಣ್ಣವಲ್ಲ, ಬೇರೆ ಬೇರೆ ಬಣ್ಣದ ಜೇಡಿಯನ್ನೇ ಅಚ್ಚಿನಲ್ಲಿ ತುಂಬಿ ಸುಟ್ಟದ್ದು. ಅದಕ್ಕೇ ಇಷ್ಟು ವರ್ಷ ಜನ ಓಡಾಡಿದರೂ ಚಿತ್ತಾರ ಅಳಿಸಿಲ್ಲ.

ಜೀರ್ಣೋದ್ಧಾರದ ನಂತರ ಹೊರಗಿನ ದಟ್ಟ ನೀಲಿ ಹೋಗಿ ಬಿಳಿ ಮೈಗೆ ಇಂಡಿಗೊ ಬಣ್ಣದ ಅಂಚು ಬಂದಿದೆ. ಹಳೆಯ ನೀಲಿಯನ್ನೇ ಪ್ರೀತಿಸಿದವರಿಗೆ ಇದು ಹಿಡಿಸಲಿಲ್ಲ. ಆದರೆ ಪದರ ಪದರವಾಗಿ ಬಣ್ಣ ಕೆರೆದು ಮೊದಲಿನದನ್ನು ಹುಡುಕುವುದು ಪ್ರಾಮಾಣಿಕವಾದ ದಾರಿ ಎಂದು ನಾನು ನಂಬುತ್ತೇನೆ.

ಕಡಲತಡಿ

ನೀಲಿಯೇ ಚೆನ್ನಾಗಿತ್ತು. ದೂರದಿಂದಲೇ ದಾರಿ ತೋರಿಸುತ್ತಿತ್ತು.

ಥಾಣೆಯ ನೆರೆಯವ

ಮೂಲ ಪ್ರಶ್ನೆಯಲ್ಲಿ ಎರಡು ಸಮುದಾಯಗಳು ಬೆರೆತುಹೋಗಿವೆ, ಅದನ್ನು ಬಿಡಿಸದಿದ್ದರೆ ಚರ್ಚೆ ದಾರಿ ತಪ್ಪುತ್ತದೆ. ಕಾಳಾ ಘೋಡಾದ ಸಿನಗಾಗ್, ಬೈಕುಲಾದ 1864ರ ಮಾಗೆನ್ ಡೇವಿಡ್, ಗ್ರಂಥಾಲಯ, ಸಸೂನ್ ಡಾಕ್ ಎಲ್ಲವೂ ಬಾಗ್ದಾದಿ ಯಹೂದಿಗಳದು. ಡೇವಿಡ್ ಸಸೂನ್ 1832ರಲ್ಲಿ ಬೊಂಬಾಯಿಗೆ ಬಂದ ವರ್ತಕರು. ಅವರ ಕುಟುಂಬಗಳ ಮೇಜಿನ ಮೇಲೆ ಇದ್ದದ್ದು ಶುಕ್ರವಾರ ಸಂಜೆ ಒಲೆಗೇರಿಸಿ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯುವ ಕೋಳಿ ಮತ್ತು ಅನ್ನದ ಹಮೀನ್, ತರಕಾರಿಯ ಹೊಟ್ಟೆ ತೋಡಿ ಅನ್ನ ತುಂಬುವ ಮಹಾಶಾ, ಇಡಿಯ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸುವ ಆಲೂ ಮಕಲ್ಲಾ. ಶನಿವಾರ ಬೆಂಕಿ ಹೊತ್ತಿಸಬಾರದೆಂಬ ಧರ್ಮದ ಕಟ್ಟಳೆಯಿಂದಲೇ ಹಮೀನ್ ಹುಟ್ಟಿದ್ದು.

ಮಾವಶಿಯವರ ಬೆನೆ ಇಸ್ರೇಲರು ಕೊಂಕಣದ ಜನ. ಅಲಿಬಾಗ್ ಹತ್ತಿರದ ನವಗಾಂವ್ ತೀರದಲ್ಲಿ ಹಡಗು ಒಡೆದು ಏಳು ದಂಪತಿಗಳು ಬದುಕಿ ಉಳಿದರು ಎಂಬುದು ಅವರ ಪರಂಪರೆಯ ಕಥೆ. ಎಣ್ಣೆ ಗಾಣದ ಕಸುಬು, ಶನಿವಾರ ಗಾಣಕ್ಕೆ ರಜೆ, ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದರು. ಮರಾಠಿ ಮನೆಮಾತು. ಅವರ ಊಟದಲ್ಲಿ ಹೋಳಿಗೆ ಇದೆ, ಪುರೀಮ್ ಹಬ್ಬಕ್ಕೆ. ಅವರೆಕಾಳಿನ ಬಿರ್ಡ ಇದೆ. ತೆಂಗಿನ ಹಾಲಿನ ಮೀನು ಸಾರು ಇದೆ. ಮಾಂಸದೊಡನೆ ಹಾಲು, ಮೊಸರು, ತುಪ್ಪ ಬೆರೆಸುವಂತಿಲ್ಲವಾದ್ದರಿಂದ ತೆಂಗಿನ ಹಾಲು ಅವರಿಗೆ ರುಚಿಯ ಜೊತೆಗೆ ಧರ್ಮವನ್ನೂ ಕಾಯುವ ವಸ್ತು.

ಕಟ್ಟಡದ ಚರ್ಚೆಗೆ ಸೇರಬೇಕಾದ ಮುಖ್ಯ ಮಾತು ಇದು: 18ನೆಯ ಶತಮಾನದಲ್ಲಿ ಬೊಂಬಾಯಿಗೆ ಬಂದ ಬೆನೆ ಇಸ್ರೇಲರಲ್ಲಿ ಬಡಗಿಗಳು, ಕಲ್ಲುಗಾರೆಯವರು, ಕಟ್ಟಡದ ಗುತ್ತಿಗೆದಾರರು ಬಹಳ ಮಂದಿ ಇದ್ದರು. ಸಸೂನರ ಹೆಸರು ಕಲ್ಲಿನ ಮೇಲೆ ಇದೆ. ಬೊಂಬಾಯಿಯನ್ನು ಕಟ್ಟಿದ ಬೆನೆ ಇಸ್ರೇಲ್ ಕೈಗಳ ಹೆಸರು ಎಲ್ಲೂ ಇಲ್ಲ. ಬಾಗ್ದಾದಿಗಳಲ್ಲಿ ಎಷ್ಟೋ ಮಂದಿ ಇವರನ್ನು ಸರಿಸಮಾನ ಯಹೂದಿಗಳೆಂದು ಒಪ್ಪುತ್ತಿರಲಿಲ್ಲ. ಸ್ಮಶಾನದಲ್ಲೂ ನಡುವೆ ಗೋಡೆ ಬೇಕೆಂದು ಕೇಳಿದ್ದುಂಟು. ನಡಿಗೆಯಲ್ಲಿ ಇದನ್ನು ಹೇಳದೆ ಬಣ್ಣದ ಗಾಜನ್ನು ಮಾತ್ರ ತೋರಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ಕಲ್ಲುಕಂಬ

ಥಾಣೆಯವರೇ, ಬೆನೆ ಇಸ್ರೇಲರ ಸ್ವಂತ ಕಟ್ಟಡವೂ ಉಂಟಲ್ಲ? ಮಾಂಡ್ವಿಯ ಶಾರ್ ಹರಹಮೀಮ್ 1796ರದು, ಮುಂಬೈಯ ಮೊದಲ ಸಿನಗಾಗ್. ಈಗಿನ ಕಟ್ಟಡ 1860ರದು. ಪ್ರವಾಸಿಗಳು ಅತ್ತ ಹೋಗುವುದೇ ಕಡಿಮೆ.

ಶ್ರೀರಂಗಪಟ್ಟಣ

ಆ ಸಿನಗಾಗ್‌ಗೂ ನಮ್ಮೂರಿಗೂ ನಂಟು ಇದೆ! ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್, ಮರಾಠಿಯಲ್ಲಿ ಸಾಮಾಜಿ ಹಸಾಜಿ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದವರು. ತಾವು ಬೆನೆ ಇಸ್ರೇಲರೆಂದು ಹೇಳಿದಾಗ ಟಿಪ್ಪುವಿನ ತಾಯಿ ಆ ಹೆಸರು ಕೇಳಿ ಮಗನಿಗೆ ಹೇಳಿ ಪ್ರಾಣ ಉಳಿಸಿದರೆಂದೂ, ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಅವರು ಹರಕೆ ಹೊತ್ತಿದ್ದರೆಂದೂ ಹೇಳುತ್ತಾರೆ.

ಇತಿಹಾಸದ ಮೇಷ್ಟ್ರು

ಸೆರೆ, ಬಿಡುಗಡೆ, 1796ರ ಕಟ್ಟಡ ಇವು ಒಂದು ಬಗೆಯವು. ತಾಯಿಯ ಕಥೆ ಸಮುದಾಯದ ಸಂಪ್ರದಾಯದಿಂದ ಬಂದದ್ದು. ಎರಡನ್ನೂ ಹೇಳಿ, ಆದರೆ ಯಾವುದು ಯಾವ ಬಗೆಯದೆಂದು ಕೇಳುಗರಿಗೆ ತಿಳಿಯುವಂತೆ ಹೇಳಿ. ಟಿಪ್ಪುವಿನ ಹೆಸರು ಬಂದ ಕೂಡಲೇ ಇಲ್ಲಿ ಬೇರೆಯೇ ಜಗಳ ಶುರುವಾಗುವುದುಂಟು, ದಯವಿಟ್ಟು ಅದು ಬೇಡ.

ನಿರ್ವಾಹಕರು

ಮೇಷ್ಟ್ರ ಮಾತಿಗೆ ನಮ್ಮ ಸಮ್ಮತಿಯಿದೆ. ಈ ಎಳೆಯಲ್ಲಿ ಗಾರೆ, ಕಲ್ಲು, ಮರ, ಒಲೆ ಇಷ್ಟೇ ಇರಲಿ. ಟಿಪ್ಪುವಿನ ಕುರಿತ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ.

ಹೋಟೆಲ್ ಭಟ್ಟರು

ಉಡುಪಿಯಿಂದ ಬಂದು ಮುಂಬೈಯಲ್ಲಿ ಹೋಟೆಲ್ ನಡೆಸಿದ ಮನೆತನದವನು ನಾನು. ನಮ್ಮ ಅಡುಗೆ ಈ ಊರಿನಲ್ಲಿ ಏಕೆ ಉಳಿಯಿತು, ಅವರದು ಏಕೆ ಬೀದಿಗೆ ಬರಲಿಲ್ಲ ಎಂದು ಯೋಚಿಸಿದಾಗ ನನಗೆ ತೋರುವ ಕಾರಣ ಹೀಗಿದೆ. ನಾವು ಊರು ಬಿಟ್ಟು ಬಂದ ಗಂಡಸರಿಗೆ ಅನ್ನ ಹಾಕಿ ಹೋಟೆಲ್ ಕಟ್ಟಿದೆವು. ಗಿರಾಕಿ ದಿನವೂ ಬಂದ, ಭಟ್ಟರು ಹುಡುಗರಿಗೆ ಕಲಿಸಿದರು, ಹುಡುಗರು ಬೇರೆ ಹೋಟೆಲ್ ತೆರೆದರು. ಬೆನೆ ಇಸ್ರೇಲರ ಊಟ ಮನೆಯೊಳಗಿನದು, ಹಬ್ಬದ್ದು, ಹೆಂಗಸರ ಕೈಯದು. ಮೇಲಾಗಿ ಅದರ ನಿಯಮ ಕಠಿಣ: ಪ್ರಾಣಿಯನ್ನು ಶಾಸ್ತ್ರ ಬಲ್ಲ ಶೋಹೇತನೇ ಕೊಯ್ಯಬೇಕು, ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನನ್ನು ಮಾತ್ರ ತಿನ್ನಬಹುದು, ಸಿಗಡಿ, ಏಡಿ ದೂರ. ಮುಂಬೈಯಲ್ಲಿ ಸಿಗಡಿ ಇಲ್ಲದ ಮೀನೂಟದ ಹೋಟೆಲನ್ನು ಲಾಭದಲ್ಲಿ ನಡೆಸುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ. ಕೊಲ್ಕತ್ತಾದಲ್ಲಿ ನಾಹೂಮ್ ಬೇಕರಿ ನ್ಯೂ ಮಾರ್ಕೆಟ್‌ನಲ್ಲಿ ನೂರು ವರ್ಷ ದಾಟಿ ನಡೆಯುತ್ತಿದೆ, ಆದರೆ ಅಲ್ಲಿಗೆ ಬರುವವರಲ್ಲಿ ಯಹೂದಿಗಳು ಬೆರಳೆಣಿಕೆಯಷ್ಟು. ಕ್ರಿಸ್ಮಸ್ ಕೇಕಿಗಾಗಿ ಊರಿಗೆ ಊರೇ ಸಾಲು ನಿಲ್ಲುತ್ತದೆ. ಅಡುಗೆ ಉಳಿಯಬೇಕಾದರೆ ಸಮುದಾಯದ ಹೊರಗಿನ ಗಿರಾಕಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡಲತಡಿ

ಭಟ್ಟರೇ, ಗಿರಾಕಿಗಾಗಿ ಮಾಡಿದರೆ ರುಚಿ ಬದಲಾಗುವುದಿಲ್ಲವೇ?

ಹೋಟೆಲ್ ಭಟ್ಟರು

ಬದಲಾಗುತ್ತದೆ. ನಮ್ಮ ಸಾಂಬಾರೂ ಮುಂಬೈಯಲ್ಲಿ ಸಿಹಿಯಾಯಿತು. ಆದರೂ ಇದೆಯಲ್ಲ!

ಅಶ್ದೋದ್ ಮಂಗಳೂರಿಗ

ಇಸ್ರೇಲಿನಲ್ಲಿ ಹಿರಿಯರ ಆರೈಕೆಯ ಕೆಲಸದಲ್ಲಿರುವ ಮಂಗಳೂರಿನವನು ನಾನು. ನಿಮ್ಮ ಚರ್ಚೆಯಲ್ಲಿ ಎಲ್ಲರೂ ಈ ಅಡುಗೆ ಸತ್ತೇ ಹೋಯಿತೆಂಬಂತೆ ಮಾತನಾಡುತ್ತಿದ್ದೀರಿ. 1948ರ ನಂತರದ ದಶಕಗಳಲ್ಲಿ ಹೊರಟು ಬಂದ ಬೆನೆ ಇಸ್ರೇಲರು ಅಶ್ದೋದ್, ಡಿಮೋನಾ, ಬೇರ್ಶೇಬಾ, ಲೋದ್, ರಾಮ್ಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮುಂಬೈ, ಥಾಣೆಗಳಲ್ಲಿ ಉಳಿದವರಿಗಿಂತ ಎಷ್ಟೋ ಪಾಲು ಹೆಚ್ಚು. ಇಲ್ಲಿಯ ಭಾರತೀಯ ಅಂಗಡಿಗಳಲ್ಲಿ ಅವಲಕ್ಕಿ, ಕೋಕಂ, ಒಣ ಕೊಬ್ಬರಿ ಎಲ್ಲವೂ ಸಿಗುತ್ತದೆ. ಮದುವೆಗೆ ಮುಂಚೆ, ಹೊಸ ಮನೆ ಹೊಕ್ಕಾಗ, ಮಗ ಸೈನ್ಯದಿಂದ ಕ್ಷೇಮವಾಗಿ ಮರಳಿದಾಗ ಮಲೀದ ಮಾಡುತ್ತಾರೆ. ನಾನು ನೋಡಿಕೊಳ್ಳುವ ಅಜ್ಜಿಯ ಮನೆಯಲ್ಲಿ ಕಂಡದ್ದು: ನೆನೆಸಿದ ಅವಲಕ್ಕಿಗೆ ತುರಿದ ಕಾಯಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣುಗಳನ್ನೂ ಖರ್ಜೂರವನ್ನೂ ಇಟ್ಟು, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿ, ಒಂದೊಂದು ಬಗೆಯ ಹಣ್ಣಿಗೂ ಅದರದೇ ಮಂತ್ರ ಹೇಳಿ ಹಂಚಿದರು. ಅಜ್ಜಿ ಮರಾಠಿಯಲ್ಲಿ, ನಾನು ಕೊಂಕಣಿಯಲ್ಲಿ ಮಾತನಾಡುತ್ತೇವೆ, ಬಹುಮಟ್ಟಿಗೆ ಅರ್ಥವಾಗುತ್ತದೆ.

1960ರ ದಶಕದಲ್ಲಿ ಇಲ್ಲಿಯ ಧರ್ಮಪೀಠದವರು ಮದುವೆಯ ವಿಷಯದಲ್ಲಿ ಇವರ ಯಹೂದಿತನವನ್ನೇ ಪ್ರಶ್ನಿಸಿದ್ದರು. ಧರಣಿ, ಸತ್ಯಾಗ್ರಹ ನಡೆದು 1964ರಲ್ಲಿ ಸರಕಾರವೇ ಇವರ ಪರ ನಿಂತಿತು. ಆ ಅವಮಾನವನ್ನು ಅಜ್ಜಿ ಇಂದಿಗೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮಲೀದದ ತಟ್ಟೆ ಇವರಿಗೆ ಬರಿಯ ತಿಂಡಿಯಾಗಿರಲಿಲ್ಲ. ಕಟ್ಟಡವನ್ನು ಹೊತ್ತು ತರಲಾಗದು, ಇದನ್ನು ತಂದರು.

ಇತಿಹಾಸದ ಮೇಷ್ಟ್ರು

ಬಹಳ ಒಳ್ಳೆಯ ಮಾಹಿತಿ. ಮೇಲಿನ ಎಂಜಿನಿಯರ್ ಅವರ ವಾದಕ್ಕೂ ಇದೇ ಉತ್ತರವಾಗಬಹುದು: ವಿಧಾನ ಬರೆದಿಟ್ಟದ್ದರಿಂದ ಉಳಿಯಲಿಲ್ಲ, ಮಾಡುವ ಸಂದರ್ಭ ಉಳಿದದ್ದರಿಂದ ಉಳಿಯಿತು.

ಕಾಮಗಾರಿ ಎಂಜಿನಿಯರ್

ಹಾಗಿದ್ದರೆ ಅಡುಗೆಗೆ ಹಣದ ಕೊರತೆಯಿಲ್ಲ, ಜನರ ಕೊರತೆ. ದಾನಿಗಳನ್ನು ದೂರುವುದು ಏಕೆ?

ಮಾಟುಂಗಾದ ಓದುಗ

ದಾನಿಗಳನ್ನು ನಾನು ದೂರಲಿಲ್ಲ, ನಮ್ಮ ಗಮನ ಎತ್ತ ಹೋಗುತ್ತದೆ ಎಂಬುದನ್ನು ಕೇಳಿದೆ. “ಒಂದು ಮಧ್ಯಾಹ್ನ ಕುಳಿತು ಬರೆದುಕೊಂಡರೆ ಉಳಿಯಿತು” ಎಂದಿರಿ. ಮಾವಶಿಯವರ ಚಿಕ್ಕಾಚ ಹಲ್ವದ ಕೆಲಸವನ್ನು ಹತ್ತಿರದಿಂದ ನೋಡಿದವನಾಗಿ ಅದಕ್ಕೆ ಉತ್ತರಿಸುತ್ತೇನೆ.

ಗೋಧಿಯನ್ನು ದಿನಗಟ್ಟಲೆ ನೆನೆಹಾಕಿ, ದಿನವೂ ನೀರು ಬದಲಿಸುತ್ತಾರೆ. ಅರೆದು, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ರಾತ್ರಿ ಅಲುಗಾಡಿಸದೆ ಇಡುತ್ತಾರೆ. ಬೆಳಗ್ಗೆ ಮೇಲೆ ನಿಂತ ಹಳದಿ ನೀರನ್ನು ಬಗ್ಗಿಸಿದರೆ ತಳದಲ್ಲಿ ಬಿಳಿಯ ಗಷ್ಟು, ಅದೇ ಚಿಕ್. ನಮ್ಮ ಹಾಲುಬಾಯಿ ಮಾಡುವವರಿಗೆ ಇಲ್ಲಿಯವರೆಗೆ ಹೊಸದೇನೂ ಅನ್ನಿಸುವುದಿಲ್ಲ. ಆಮೇಲೆ ತೆಂಗಿನಕಾಯಿಯ ಮೊದಲ ಹಾಲು, ಸಕ್ಕರೆ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಒಲೆಯ ಮೇಲಿಟ್ಟು ಗಂಟೆಗಟ್ಟಲೆ ಕೈ ಬಿಡದೆ ತಿರುವುವುದು. ಮೊದಲು ನೀರಾಗಿ, ನಂತರ ಗಂಟು ಗಂಟಾಗಿ, ಕೆಟ್ಟೇ ಹೋಯಿತು ಎನ್ನಿಸುವ ಹೊತ್ತಿನಲ್ಲಿ ನಯವಾಗಿ ಹೊಳೆಯಲು ತೊಡಗುತ್ತದೆ. ಸೌಟನ್ನು ಎತ್ತಿದಾಗ ಅದು ಬೀಳುವ ಬಗೆ ನೋಡಿ, ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಹಾಕಿ ಬೆರಳಿಗೆ ಅಂಟದಿದ್ದರೆ ಮಾತ್ರ ಇಳಿಸುತ್ತಾರೆ. ಸ್ವಲ್ಪ ಮುಂಚೆ ಇಳಿಸಿದರೆ ಕತ್ತರಿಸಲು ಬಾರದು, ಸ್ವಲ್ಪ ತಡವಾದರೆ ರಬ್ಬರಿನಂತಾಗುತ್ತದೆ. ಗುಲಾಬಿ ಬಣ್ಣ, ಏಲಕ್ಕಿ ಹಾಕಿ ತಾಟಿಗೆ ಸುರಿದು ಮೇಲೆ ಪಿಸ್ತಾ ಉದುರಿಸುತ್ತಾರೆ. ಇಷ್ಟೆಲ್ಲ ಕಷ್ಟ ಬೇಡವೆಂದು ಈಗ ಎಷ್ಟೋ ಮನೆಗಳಲ್ಲಿ ಚೀನಾ ಗ್ರಾಸ್ ಹಾಕಿ ಬೇಗ ಮುಗಿಸುತ್ತಾರೆ.

ನಾನು ಬರೆದುಕೊಂಡಿದ್ದೇನೆ ಸ್ವಾಮಿ. ಮೇಲಿನ ಸಾಲುಗಳೇ ಅದು. ಇವನ್ನು ಓದಿ ನಿಮ್ಮ ಮನೆಯಲ್ಲಿ ಮಾಡಿ ನೋಡಿ, ಎಷ್ಟು ಉಳಿಯಿತೆಂದು ತಿಳಿಯುತ್ತದೆ.

ಗಾರೆ ಮನೆತನ

ಓದುಗರೇ, ನೀವು ಬರೆದದ್ದನ್ನು ಓದುತ್ತಿದ್ದಾಗ ನಮ್ಮ ಕೆಲಸದ ಸ್ಥಳವೇ ಕಣ್ಣ ಮುಂದೆ ಬಂತು. ಒಂದು ಮಾತು ಹೇಳಬೇಕು. ಗೋಡೆಗಳಿಗೆ ಹಣ ಸಿಕ್ಕಿತೆಂದರೆ ಗಾರೆಯವರಿಗೆ ಬದುಕು ಸಿಕ್ಕಿತೆಂದು ಎಣಿಸಬೇಡಿ. ಒಂದು ದೊಡ್ಡ ಕಟ್ಟಡದ ಕೆಲಸ ಬಂದಾಗ ನಾಲ್ಕು ಹುಡುಗರನ್ನು ಸೇರಿಸಿ ಕಲಿಸುತ್ತೇವೆ. ಗುತ್ತಿಗೆ ಮುಗಿಯುತ್ತದೆ. ಮುಂದಿನ ಕೆಲಸ ಯಾವಾಗ ಬರುವುದೋ ತಿಳಿಯದು, ಹುಡುಗರು ಟೈಲ್ಸ್ ಹಾಕುವ ಕಡೆ ಹೋಗುತ್ತಾರೆ, ಅಲ್ಲಿ ಕೂಲಿ ದಿನವೂ ಉಂಟು. ಮತ್ತೆ ಕೆಲಸ ಬಂದಾಗ ಹೊಸಬರಿಗೆ ಮೊದಲಿನಿಂದ ಕಲಿಸಬೇಕು. ಹಿಂದೆ ಹೀಗಿರಲಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಂಚೆ ಮನೆಗೆ, ಗುಡಿಗೆ, ಮಸೀದಿಗೆ ಸುಣ್ಣ ಬಳಿಸುತ್ತಿದ್ದರು, ಮಳೆಗಾಲಕ್ಕೆ ಮುಂಚೆ ಛಾವಣಿಯ ಬಿರುಕಿಗೆ ಗಾರೆ ತುಂಬಿಸುತ್ತಿದ್ದರು. ಸಣ್ಣ ಕೆಲಸ, ಆದರೆ ತಪ್ಪದ ಕೆಲಸ. ಅದರಿಂದಲೇ ಮೇಸ್ತ್ರಿಯ ಮಗ ಮೇಸ್ತ್ರಿಯಾದ.

ಹಾಗಾಗಿ ನನ್ನ ಬೇಡಿಕೆ ಎರಡಕ್ಕೂ ಒಂದೇ. ಮೂವತ್ತು ವರ್ಷಕ್ಕೊಮ್ಮೆ ಕೋಟಿಗಟ್ಟಲೆ ಸುರಿಯುವ ಬದಲು ವರ್ಷ ವರ್ಷವೂ ಸ್ವಲ್ಪ ಕೆಲಸ ಕೊಡಿ. ಮಾವಶಿಯವರ ಹಲ್ವಕ್ಕೂ ಪ್ರತಿ ವರ್ಷ ಕೇಳುವವರಿದ್ದರೆ ತಿರುವಲು ಯಾವುದೋ ಒಂದು ಎಳೆಯ ಕೈ ಬರುತ್ತದೆ.

ಕಲ್ಲುಕಂಬ

ಅಣ್ಣ, ಇದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಸಂರಕ್ಷಣೆಯ ಯೋಜನೆಗಳಲ್ಲಿ ಮುಗಿದ ನಂತರದ ನಿರ್ವಹಣೆಗೆ ಹಣ ಇಡುವುದೇ ಅಪರೂಪ. ಉದ್ಘಾಟನೆಗೆ ಎಲ್ಲರೂ ಬರುತ್ತಾರೆ, ಎರಡು ಮಳೆಗಾಲ ಕಳೆದ ಮೇಲೆ ಚರಂಡಿಯ ಎಲೆ ತೆಗೆಯಲು ಯಾರೂ ಇರುವುದಿಲ್ಲ.

ಥಾಣೆಯ ನೆರೆಯವ

ಭಟ್ಟರು ಹೇಳಿದ ಹೊರಗಿನ ಗಿರಾಕಿಯ ವಿಷಯದಲ್ಲಿ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಮಲೀದ ಮಾರುವ ವಸ್ತುವಲ್ಲ. ಅದು ಹರಕೆಯ ನೈವೇದ್ಯ. ನಮ್ಮ ದೇವಸ್ಥಾನದ ಪ್ರಸಾದವನ್ನು ಪರಂಪರೆಯ ನಡಿಗೆಯ ತಿಂಡಿಯಾಗಿ ಹಂಚಿದರೆ ನಮಗೆ ಹೇಗೆನಿಸೀತು? ಕಿಪ್ಪೂರ್ ಉಪವಾಸ ಬಿಡುವ ಶರಬತ್ತೂ ಹಾಗೆಯೇ. ಕಪ್ಪು ಒಣದ್ರಾಕ್ಷಿಯನ್ನು ನೆನೆಸಿ ಕಿವುಚಿ ಸೋಸಿದ ಆ ನೀರು, ದ್ರಾಕ್ಷಾರಸ ಸಿಗದ ಊರಿನಲ್ಲಿ ಆಶೀರ್ವಾದದ ಬಟ್ಟಲಿಗಾಗಿ ಅವರು ಕಂಡುಕೊಂಡ ದಾರಿ. ಹಲ್ವ, ಹೋಳಿಗೆ, ಅಕ್ಕಿಹಿಟ್ಟಿನ ಸಂದಣ, ಹಸಿರು ಮಸಾಲೆಯ ಕೋಳಿ ಇವುಗಳನ್ನು ಕೇಳಿ, ಕೊಳ್ಳಿ, ಹಣ ಕೊಡಿ, ಅದರಲ್ಲಿ ತಪ್ಪಿಲ್ಲ. ಯಾವುದನ್ನು ಹೊರಗೆ ಕೊಡಬೇಕು, ಯಾವುದನ್ನು ಬೇಡ ಎಂಬುದನ್ನು ಅವರೇ ಹೇಳಲಿ. ಥಾಣೆಯಲ್ಲಿ ನಮ್ಮ ನೆರೆಯ ಕುಟುಂಬ ಪುರೀಮ್ ಹೋಳಿಗೆಯನ್ನು ಎಲ್ಲರಿಗೂ ಕೊಡುತ್ತದೆ, ಮಲೀದದ ಪಂಕ್ತಿಗೆ ಮಾತ್ರ ಆಹ್ವಾನಿತರನ್ನೇ ಕೂರಿಸುತ್ತದೆ.

ಹೋಟೆಲ್ ಭಟ್ಟರು

ನೈವೇದ್ಯದ ಮಾತು ನ್ಯಾಯವಾದದ್ದು, ಅದಕ್ಕೆ ಎದುರಿಲ್ಲ. ಉಳಿದವುಗಳಿಗೆ ಮುಂಗಡ ಕೊಟ್ಟು ಮಾಡಿಸಿ ಎಂದು ಮತ್ತೆ ಹೇಳುತ್ತೇನೆ. “ನಿಮ್ಮ ಸಂಸ್ಕೃತಿಯನ್ನು ಉಳಿಸುತ್ತಿದ್ದೇವೆ” ಎಂದು ಹೇಳಿಕೊಂಡು ಪುಕ್ಕಟೆಯಾಗಿ ತಿಂದು ಬರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅಶ್ದೋದ್ ಮಂಗಳೂರಿಗ

ಮಾವಶಿಯವರ ಮಕ್ಕಳು ಇಲ್ಲಿ ಯಾವ ಊರಿನಲ್ಲಿದ್ದಾರೋ ತಿಳಿಯದು, ಆದರೆ ಅವರು ಒಪ್ಪಿದರೆ ಮಾವಶಿ ಹೇಳುತ್ತಾ ಹೋಗಲಿ, ಇಲ್ಲಿ ಮೊಮ್ಮಕ್ಕಳು ಒಲೆಯ ಮುಂದೆ ನಿಂತು ವಿಡಿಯೊ ಕರೆಯಲ್ಲಿ ಮಾಡಲಿ. ನಮ್ಮ ಅಜ್ಜಿ ತಮ್ಮ ತಂಗಿಯ ಮಗಳಿಗೆ ಹಾಗೆಯೇ ಕಲಿಸಿದರು. ಪರದೆಯ ಮೇಲೆ ಬೆರಳಿಗೆ ಅಂಟುವುದು ತಿಳಿಯುವುದಿಲ್ಲ ನಿಜ, ಸೌಟಿನಿಂದ ಬೀಳುವುದು ಕಾಣುತ್ತದೆ.

ಮಾಟುಂಗಾದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಸಂಘದವರೊಡನೆ ಮಾತನಾಡಿದೆ. ನಡಿಗೆಯನ್ನು ಕಾಳಾ ಘೋಡಾದಲ್ಲಿ ಮುಗಿಸದೆ ಮಾಂಡ್ವಿಯ ಶಾರ್ ಹರಹಮೀಮ್‌ವರೆಗೆ ಒಯ್ಯುತ್ತೇವೆ. ದಿವೇಕರರ ಕಥೆಯನ್ನು ಮೇಷ್ಟ್ರು ಹೇಳಿದ ಎಚ್ಚರದಿಂದಲೇ ಹೇಳುತ್ತೇವೆ. ಬೆನೆ ಇಸ್ರೇಲ್ ಬಡಗಿ, ಗಾರೆಯವರ ವಿಷಯವೂ ಇರುತ್ತದೆ. ಮಾವಶಿಯವರನ್ನು ಕೇಳಿದಾಗ ಹಲ್ವ ಆಗಬಹುದು, ಮಲೀದ ಬೇಡ ಎಂದರು. ಥಾಣೆಯವರು ಹೇಳಿದ್ದೇ ಸರಿಯಾಯಿತು. ನಮ್ಮ ಮಹಡಿಯ ಇಬ್ಬರು ಹುಡುಗಿಯರು ತಿರುವಲು ಬರುತ್ತೇವೆಂದಿದ್ದಾರೆ, ಸಾಮಗ್ರಿಯ ಹಣವನ್ನೂ ಮಾವಶಿಯವರ ಶ್ರಮದ ಹಣವನ್ನೂ ಸಂಘ ಮುಂಗಡವಾಗಿ ಕೊಡುತ್ತದೆ. ಗಾರೆ ಮನೆತನದವರು ಮುಂಬೈಯಲ್ಲಿದ್ದರೆ ಬಂದು ಗೋಡೆಯ ಮುಂದೆ ನಿಂತು ಮಾತನಾಡಬೇಕೆಂದು ಕೋರುತ್ತೇನೆ.

ಗಾರೆ ಮನೆತನ

ಬರುತ್ತೇನೆ. ಅರಳಿದ ಸುಣ್ಣವನ್ನೂ ಸುರ್ಕಿಯನ್ನೂ ಡಬ್ಬಿಯಲ್ಲಿ ತರುತ್ತೇನೆ, ಜನ ಮುಟ್ಟಿ ನೋಡಲಿ. ಸುಣ್ಣ ಮುಟ್ಟುವವರಿಗೆ ಕೈಗವಸು ಕೊಡಬೇಕು, ಅದನ್ನು ಸಂಘದವರು ತರಲಿ.

ಥಾಣೆಯ ನೆರೆಯವ

ದಿನ ಗೊತ್ತುಮಾಡುವ ಮುಂಚೆ ಎರಡು ವಿಷಯ ಗಮನದಲ್ಲಿರಲಿ. ಶನಿವಾರ ಬೇಡವೇ ಬೇಡ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಹಬ್ಬದ ಸಾಲಿನಲ್ಲೂ ಬೇಡ. ಆಗ ಅವರಿಗೆ ಪ್ರಾರ್ಥನೆಯ ಗಡಿಬಿಡಿ. 2008ರಲ್ಲಿ ಮುಂಬೈಯ ಯಹೂದಿ ಕೇಂದ್ರವಾದ ನರಿಮನ್ ಹೌಸ್ ಮೇಲೆ ದಾಳಿಯಾದಂದಿನಿಂದ ಸಿನಗಾಗ್‌ಗಳಲ್ಲಿ ಕಾವಲು ಬಿಗಿಯಾಗಿದೆ. ಆದುದರಿಂದ ಬರುವವರ ಹೆಸರುಗಳನ್ನು ಮುಂಚೆಯೇ ಕೊಟ್ಟು ಅನುಮತಿ ಪಡೆಯಿರಿ, ಪ್ರತಿಯೊಬ್ಬರೂ ಗುರುತಿನ ಚೀಟಿ ತರಲಿ, ಗಂಡಸರು ತಲೆಗೆ ಟೋಪಿಯನ್ನೋ ಕರವಸ್ತ್ರವನ್ನೋ ಇಟ್ಟುಕೊಳ್ಳಲಿ.